ಹೊಸ ಎನ್‌ಪಿಗೆ ಒಂದು ವರ್ಷದ ರೆಸಿಡೆನ್ಸಿ ಬೇಕಾ? ಕೇಳಿದ್ದು, ಹೇಳಿದ್ದು

ಪ್ರಶ್ನೆ: ಅಕ್ಕ, ನಮಸ್ಕಾರ. ನಾನು ಹಾಸನದವಳು. ಹ್ಯೂಸ್ಟನ್‌ನಲ್ಲಿ ಆರು ವರ್ಷದಿಂದ ಐಸಿಯು ನರ್ಸ್. ಕೆಲಸ ಮಾಡುತ್ತಲೇ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ (ಎನ್‌ಪಿ, ತಾವೇ ರೋಗ ಗುರುತಿಸಿ ಔಷಧಿ ಬರೆಯುವ ನರ್ಸ್) ಓದಿದೆ. ಕಳೆದ ತಿಂಗಳು ಬೋರ್ಡ್ ಪರೀಕ್ಷೆಯೂ ಪಾಸಾಯಿತು. ಈಗ ಎರಡು ಆಫರ್ ಇವೆ. ಒಂದು ಖಾಸಗಿ ಕ್ಲಿನಿಕ್. ಸಂಬಳ ಚೆನ್ನಾಗಿದೆ, ಆದರೆ ಮೂರನೇ ವಾರದಿಂದಲೇ ದಿನಕ್ಕೆ 20 ಪೇಷೆಂಟ್ ನೋಡಬೇಕಂತೆ. ಇನ್ನೊಂದು ಕಮ್ಯುನಿಟಿ ಹೆಲ್ತ್ ಸೆಂಟರ್‌ನಲ್ಲಿ 12 ತಿಂಗಳ ರೆಸಿಡೆನ್ಸಿ, ಅಂದರೆ ಹಿರಿಯರ ಜೊತೆ ಕೆಲಸ ಮಾಡುತ್ತಾ ಕಲಿಯುವ ತರಬೇತಿ. ಸಂಬಳ ಕಡಿಮೆ, ಮುಗಿದ ಮೇಲೂ ಒಂದು ವರ್ಷ ಅಲ್ಲೇ ಕೆಲಸ ಮಾಡಬೇಕು. "ಇಷ್ಟು ಓದಿ ಮತ್ತೆ ಟ್ರೈನಿಂಗಾ?" ಅಂತ ನಮ್ಮ ಮನೆಯವರು ಕೇಳುತ್ತಿದ್ದಾರೆ. ಏನು ಹೇಳಲಿ?

ಉತ್ತರ: ಮೊದಲು ಅಭಿನಂದನೆ ತಂಗಿ. ಕೆಲಸ, ಮನೆ ಎರಡೂ ನೋಡಿಕೊಂಡು ಓದಿ ಮುಗಿಸುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ನನ್ನನ್ನು ಕೇಳಿದರೆ ರೆಸಿಡೆನ್ಸಿಗೇ ಹೋಗು. ಯಾಕೆ ಅಂತ ಸ್ವಲ್ಪ ಉದ್ದವಾಗೇ ಹೇಳುತ್ತೇನೆ.

ನಾನು ಎನ್‌ಪಿ ಓದಿ ಮುಗಿಸಿದಾಗ ನೇರವಾಗಿ ಒಂದು ಕ್ಲಿನಿಕ್ ಸೇರಿದೆ. ಎರಡನೇ ವಾರ 60 ದಾಟಿದ ಒಬ್ಬರು ಬಂದರು. ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ, ಐರನ್ ಕಡಿಮೆ. ಐರನ್ ಮಾತ್ರೆ ಬರೆದು, ಎರಡು ತಿಂಗಳು ಬಿಟ್ಟು ಬನ್ನಿ ಅಂದೆ. ಆ ವಯಸ್ಸಿನ ಗಂಡಸರಿಗೆ ಐರನ್ ಕಡಿಮೆ ಅಂದರೆ ರಕ್ತ ಎಲ್ಲಿ ಸೋರುತ್ತಿದೆ ಅಂತ ಹೊಟ್ಟೆ, ಕರುಳು ಹುಡುಕಬೇಕು. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಅವತ್ತು ಹೊರಗೆ ಐದು ಜನ ಕಾಯುತ್ತಿದ್ದರು. ಕೇಳೋಣ ಅಂದರೆ ಕಾಗದದ ಮೇಲೆ ನನ್ನ ಮೇಲ್ವಿಚಾರಣೆಗೆ ಇದ್ದ ಡಾಕ್ಟರ್ ಬೇರೆ ಊರಿನ ಕ್ಲಿನಿಕ್‌ನಲ್ಲಿದ್ದರು. ಎರಡು ತಿಂಗಳು ಬಿಟ್ಟು ಪೇಷೆಂಟ್ ಮತ್ತೆ ಬಂದಾಗ ಆ ಡಾಕ್ಟರ್ ಫೈಲ್ ನೋಡಿ, ಕೊಲೊನೋಸ್ಕೋಪಿ (ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ) ಯಾಕೆ ಮಾಡಿಸಲಿಲ್ಲ ಅಂತ ಕೇಳಿದರು. ಕರುಳಿನಲ್ಲಿ ದೊಡ್ಡ ಪಾಲಿಪ್ (ಗಂಟು) ಇತ್ತು, ಅಷ್ಟೇ. ಕ್ಯಾನ್ಸರ್ ಆಗಿರಲಿಲ್ಲ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆರು ತಿಂಗಳಾದ ಮೇಲೆ ಆ ಕೆಲಸ ಬಿಟ್ಟು ಬೇರೆ ರಾಜ್ಯದ ಒಂದು ಹೆಲ್ತ್ ಸೆಂಟರ್‌ನ ರೆಸಿಡೆನ್ಸಿಗೆ ಅರ್ಜಿ ಹಾಕಿದೆ.

ನಿನ್ನ ಐಸಿಯು ಅನುಭವ ದೊಡ್ಡದು, ಇಲ್ಲ ಅನ್ನುವುದಿಲ್ಲ. ಆದರೆ ಐಸಿಯುನಲ್ಲಿ ರೋಗ ಏನು ಅಂತ ಬಹುಪಾಲು ಗೊತ್ತಾಗಿರುತ್ತದೆ. ಎರಡು ಹೆಜ್ಜೆ ಆಚೆ ಡಾಕ್ಟರ್ ಇರುತ್ತಾರೆ. ಹೆಲ್ತ್ ಸೆಂಟರ್‌ಗೆ ಬರುವವರು ಸಕ್ಕರೆ, ಬಿಪಿ, ಮಂಡಿ ನೋವು, ಮನಸ್ಸಿನ ಬೇಜಾರು, ಬಾಡಿಗೆ ಬಾಕಿ ಎಲ್ಲವನ್ನೂ ಒಟ್ಟಿಗೆ ತರುತ್ತಾರೆ. ಯಾವುದನ್ನು ಇವತ್ತು ಹಿಡಿಯಬೇಕು, ಯಾವುದನ್ನು ಮುಂದಿನ ವಾರಕ್ಕೆ ಬಿಡಬಹುದು ಅಂತ ನೀನೊಬ್ಬಳೇ ತೀರ್ಮಾನಿಸಬೇಕು. ಇದಕ್ಕೆ ಕಾಲೇಜಿನಲ್ಲಿ ಸಿಕ್ಕ ತಯಾರಿ ಎಷ್ಟು? ತುಂಬಾ ವರ್ಷ ಕನಿಷ್ಠ 500 ಗಂಟೆ ಕ್ಲಿನಿಕಲ್ ತರಬೇತಿ ಇದ್ದರೆ ಸಾಕಿತ್ತು. 2022ರ ಹೊಸ ಮಾನದಂಡದಲ್ಲಿ ಅದನ್ನು 750ಕ್ಕೆ ಏರಿಸಿದರು. ಫ್ಯಾಮಿಲಿ ಡಾಕ್ಟರ್ ಆಗುವವರು ಮೆಡಿಕಲ್ ಕಾಲೇಜು ಮುಗಿಸಿದ ಮೇಲೂ 3 ವರ್ಷ ರೆಸಿಡೆನ್ಸಿ ಮಾಡುತ್ತಾರೆ.

ಈ ಕೊರತೆಯನ್ನು ಮೊದಲು ಗಟ್ಟಿಯಾಗಿ ಹೇಳಿದವರು ಮಾರ್ಗರೆಟ್ ಫ್ಲಿಂಟರ್. ಅವರೂ ನರ್ಸ್ ಪ್ರಾಕ್ಟೀಷನರ್. ಕನೆಕ್ಟಿಕಟ್‌ನ ಮಿಡ್ಲ್‌ಟೌನ್‌ನಲ್ಲಿ ಕಮ್ಯುನಿಟಿ ಹೆಲ್ತ್ ಸೆಂಟರ್ ಇನ್‌ಕಾರ್ಪೊರೇಟೆಡ್ ಅನ್ನುವ ಸಂಸ್ಥೆ ಇದೆ. ಅಲ್ಲಿ 2007ರಲ್ಲಿ ನಾಲ್ಕು ಜನ ಹೊಸ ಎನ್‌ಪಿಗಳ ಜೊತೆ ಈ ರೆಸಿಡೆನ್ಸಿ ಶುರು ಮಾಡಿದರು. ದೇಶದಲ್ಲೇ ಅದು ಮೊದಲನೆಯದು. ಆಮೇಲೆ ಬೇರೆ ರಾಜ್ಯಗಳಿಗೂ ಹಬ್ಬಿತು. 2019ರಿಂದ ಫೆಡರಲ್ ಸರ್ಕಾರವೂ ಇದಕ್ಕೆ ಅಂತ ಹಣ ಕೊಟ್ಟಿದೆ. ನನಗೆ ಇಷ್ಟವಾಗುವ ಇನ್ನೊಂದು ಸಂಗತಿ ಇದೆ. ಕೊಲರಾಡೋದಲ್ಲಿ ಲೊರೆಟ್ಟಾ ಫೋರ್ಡ್ ಮತ್ತು ಡಾ. ಹೆನ್ರಿ ಸಿಲ್ವರ್ ಮೊದಲ ಎನ್‌ಪಿ ಕೋರ್ಸ್ ಶುರು ಮಾಡಿದ್ದು 1965ರಲ್ಲಿ. ಬೋಸ್ಟನ್‌ನ ಕೊಲಂಬಿಯಾ ಪಾಯಿಂಟ್‌ನಲ್ಲಿ ಮೊದಲ ಕಮ್ಯುನಿಟಿ ಹೆಲ್ತ್ ಸೆಂಟರ್‌ ಬಾಗಿಲು ತೆರೆದದ್ದೂ ಅದೇ ವರ್ಷ. ಎರಡೂ ಬಡವರಿಗೆ ಡಾಕ್ಟರ್ ಸಿಗದೇ ಇದ್ದ ಕಾಲದ ಮಕ್ಕಳು.

ಪ್ರಶ್ನೆ (ಅವರೇ): ಥ್ಯಾಂಕ್ಸ್ ಅಕ್ಕ. ಆ ಒಂದು ವರ್ಷ ನಿಜವಾಗಿ ಏನು ಮಾಡಿಸುತ್ತಾರೆ? ಸುಮ್ನೆ ಹಿಂದೆ ನಿಂತು ನೋಡುವುದಾ?

ಉತ್ತರ: ಅಲ್ಲವೇ ಅಲ್ಲ. ನಿನ್ನ ಹತ್ತಿರ ಲೈಸೆನ್ಸ್ ಇದೆ, ಪೇಷೆಂಟ್ ನಿನ್ನವರೇ. ವಾರದಲ್ಲಿ ಅರ್ಧದಷ್ಟು ಹೊತ್ತು ಪ್ರಿಸೆಪ್ಟರ್ (ಪಕ್ಕದಲ್ಲಿದ್ದು ಕಲಿಸುವ ಹಿರಿಯರು) ಜೊತೆಗಿರುವ ಕ್ಲಿನಿಕ್. ಇನ್ನುಳಿದ ಹೊತ್ತಲ್ಲಿ ಚರ್ಮ, ಮೂಳೆ, ಹೆಂಗಸರ ಆರೋಗ್ಯ, ಮಕ್ಕಳು, ಎಚ್‌ಐವಿ, ಮನೆ ಇಲ್ಲದವರ ಕ್ಲಿನಿಕ್ ಹೀಗೆ ಸುತ್ತಿಸುತ್ತಾರೆ. ಹೆಲ್ತ್ ಸೆಂಟರ್‌ನಲ್ಲಿ ಆದಾಯ ನೋಡಿ ಫೀಸು ಕಡಿಮೆ ಮಾಡುತ್ತಾರೆ, ಆದರೆ ಹೊರಗಿನ ಸ್ಪೆಷಲಿಸ್ಟ್ ಹತ್ತಿರ ಆ ರಿಯಾಯಿತಿ ನಡೆಯುವುದು ಕಷ್ಟ. ಅದಕ್ಕೇ ಮಂಡಿಗೆ ಇಂಜೆಕ್ಷನ್, ಚರ್ಮದ ಬಯಾಪ್ಸಿ, ಐಯುಡಿ (ಗರ್ಭ ನಿಲ್ಲದಂತೆ ಗರ್ಭಕೋಶದಲ್ಲಿ ಇಡುವ ಸಾಧನ) ಹಾಕುವುದು ಎಲ್ಲ ನೀನೇ ಕಲಿಯಬೇಕು. ಜೊತೆಗೆ ವಾರಕ್ಕೊಮ್ಮೆ ಪಾಠ, ಕೆಲವು ಕಡೆ ಎಕೋ ಅನ್ನುವ ವಿಡಿಯೊ ಕಲಿಕೆ. ನ್ಯೂ ಮೆಕ್ಸಿಕೋದಲ್ಲಿ ಡಾ. ಸಂಜೀವ್ ಅರೋರಾ ಹೆಪಟೈಟಿಸ್ ಸಿಗಾಗಿ ಶುರು ಮಾಡಿದ್ದು ಅದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದೇ ರೀತಿಯಲ್ಲಿ ಮಾನಸಿಕ ಆರೋಗ್ಯ, ಚಟ ಬಿಡಿಸುವ ಚಿಕಿತ್ಸೆ ಕಲಿಸುತ್ತದೆ.

ಆದರೆ ಇಡೀ ವರ್ಷದ ಜೀವ ಇರುವುದು ಪ್ರಿಸೆಪ್ಟರ್‌ನಲ್ಲಿ. ಒಂದು ಉದಾಹರಣೆ. ಒಬ್ಬ ಪೇಷೆಂಟ್‌ನ ಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) 11 ಇತ್ತು, ತುಂಬಾ ಜಾಸ್ತಿ. ಇನ್ಸುಲಿನ್ ತಪ್ಪದೇ ತಗೋತೀನಿ ಅನ್ನುತ್ತಿದ್ದರು. ಡೋಸ್ ಜಾಸ್ತಿ ಮಾಡುತ್ತೇನೆ ಅಂತ ಪ್ರಿಸೆಪ್ಟರ್‌ಗೆ ಹೇಳಿದೆ. ಅವರು, "ಹೇಗೆ ಚುಚ್ಚಿಕೊಳ್ಳುತ್ತಾರೆ ಅಂತ ನೋಡಿದಿಯಾ?" ಅಂದರು. ಇಲ್ಲ. ವಾಪಸ್ ಹೋಗಿ, ತೋರಿಸಿ ಅಂದೆ. ಅವರು ಪೆನ್ನಿಗೆ ಸೂಜಿ ಹಾಕಿದರು, ಹೊರಗಿನ ದೊಡ್ಡ ಮುಚ್ಚಳ ತೆಗೆದರು. ಒಳಗೆ ಸೂಜಿಯ ಮೇಲೆ ಇನ್ನೊಂದು ಸಣ್ಣ ಮುಚ್ಚಳ ಇರುತ್ತದಲ್ಲ, ಅದನ್ನು ಹಾಗೇ ಬಿಟ್ಟು ಹೊಟ್ಟೆಗೆ ಒತ್ತಿದರು. ಇನ್ಸುಲಿನ್ ಒಂದು ಹನಿಯೂ ಒಳಗೆ ಹೋಗಲಿಲ್ಲ, ಹೊಟ್ಟೆಯ ಮೇಲೆ ಇಳಿಯಿತು. ನಾನು ಡೋಸ್ ಏರಿಸಿ, ಆಮೇಲೆ ಯಾರೋ ಆ ಮುಚ್ಚಳ ತೆಗೆಯುವುದನ್ನು ಹೇಳಿಕೊಟ್ಟಿದ್ದರೆ ಸಕ್ಕರೆ ಎಲ್ಲಿಗೆ ಇಳಿಯುತ್ತಿತ್ತು ಯೋಚನೆ ಮಾಡು.

ಊರಲ್ಲಿ ಈಜು ಕಲಿಸುವಾಗ ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸುತ್ತಿದ್ದರಲ್ಲ, ಹಾಗೆ. ಕೈಕಾಲು ಬಡಿಯುವುದು ನೀನೇ. ಬುರುಡೆ ಮುಳುಗಲು ಬಿಡುವುದಿಲ್ಲ.

ಅದಕ್ಕೇ ಇಂಟರ್‌ವ್ಯೂನಲ್ಲಿ ಈ ಒಂದು ಪ್ರಶ್ನೆ ಖಂಡಿತ ಕೇಳು: "ನಾನು ಕ್ಲಿನಿಕ್ ಮಾಡುವ ಹೊತ್ತಲ್ಲಿ ಪ್ರಿಸೆಪ್ಟರ್‌ಗೆ ತಮ್ಮದೇ ಪೇಷೆಂಟ್ ಇರುತ್ತಾರಾ?" ಇರುತ್ತಾರೆ ಅಂದರೆ ಹುಷಾರು. ಮಿಡ್ಲ್‌ಟೌನ್ ಮಾದರಿಯಲ್ಲಿ ಆ ಹೊತ್ತು ಅವರಿಗೆ ಬೇರೆ ಪೇಷೆಂಟ್ ಇಡುವುದಿಲ್ಲ. ಟೆಕ್ಸಸ್‌ನಲ್ಲಿ ಎನ್‌ಪಿ ಔಷಧಿ ಬರೆಯಲು ಡಾಕ್ಟರ್ ಜೊತೆ ಒಪ್ಪಂದ ಇರಲೇಬೇಕು, ಖಾಸಗಿ ಕ್ಲಿನಿಕ್ ಅದನ್ನೇ ತೋರಿಸಿ "ನಮ್ಮಲ್ಲೂ ಡಾಕ್ಟರ್ ಇದ್ದಾರೆ" ಅನ್ನಬಹುದು. ಸಹಿ ಹಾಕುವ ಡಾಕ್ಟರ್ ಬೇರೆ, ಪೇಷೆಂಟ್ ಇನ್ನೂ ರೂಮಿನಲ್ಲಿ ಕೂತಿರುವಾಗಲೇ ಉತ್ತರ ಕೊಡುವವರು ಬೇರೆ.

ಪ್ರಶ್ನೆ (ಗುಂಪಿನ ಇನ್ನೊಬ್ಬರು): ಮೇಡಂ, ನಾನು 11 ವರ್ಷದಿಂದ ಎನ್‌ಪಿ. ರೆಸಿಡೆನ್ಸಿ ಇಲ್ಲದೆಯೇ ಕಲಿತೆ. ಕಡಿಮೆ ಸಂಬಳಕ್ಕೆ ದುಡಿಸಿಕೊಳ್ಳುವ ಉಪಾಯ ಇದು ಅಂತ ನನಗೆ ಅನಿಸುತ್ತದೆ.

ಉತ್ತರ: ನಿಮ್ಮ ಮಾತಿನಲ್ಲಿ ಸತ್ಯ ಇದೆ ಸರ್. ಲೈಸೆನ್ಸ್‌ಗೆ ರೆಸಿಡೆನ್ಸಿ ಕಡ್ಡಾಯ ಅಲ್ಲ, ಆಗಬೇಕು ಅಂತ ನಾನೂ ಹೇಳುವುದಿಲ್ಲ. ಒಳ್ಳೆಯ ಹಿರಿಯರು ಪಕ್ಕದಲ್ಲಿದ್ದು, ಮೊದಲ ಆರು ತಿಂಗಳು ಪೇಷೆಂಟ್ ಕಡಿಮೆ ಕೊಟ್ಟರೆ ಯಾವ ಕ್ಲಿನಿಕ್‌ನಲ್ಲೂ ಕಲಿಯಬಹುದು. ಬೋರ್ಡಿನ ಮೇಲೆ "ರೆಸಿಡೆನ್ಸಿ" ಅಂತ ಬರೆದು ಪೂರ್ತಿ ಕೆಲಸ ತೆಗೆಯುವ ಜಾಗಗಳೂ ಇರಬಹುದು. ಅದಕ್ಕೇ ಮಾನ್ಯತೆ ಇದೆಯಾ, ತಿಂಗಳು ತಿಂಗಳಿಗೆ ಪೇಷೆಂಟ್ ಎಷ್ಟು ಏರಿಸುತ್ತಾರೆ, ಮಧ್ಯದಲ್ಲಿ ಬಿಟ್ಟರೆ ಹಣ ವಾಪಸ್ ಕೇಳುತ್ತಾರಾ, ಇದೆಲ್ಲ ಬರವಣಿಗೆಯಲ್ಲಿ ತೆಗೆದುಕೊಳ್ಳಬೇಕು. ಹೋದ ವರ್ಷ ಮುಗಿಸಿದ ಇಬ್ಬರ ಜೊತೆ ಮಾತಾಡಿಸಿ ಅಂತ ಕೇಳಿ. ಅದಕ್ಕೆ ಹಿಂಜರಿದರೆ ಆ ಜಾಗ ಬೇಡ.

ಪ್ರಶ್ನೆ: ಅಕ್ಕ, ನನ್ನ ಹತ್ತಿರ ಗ್ರೀನ್ ಕಾರ್ಡ್ ಇದೆ, ಸಿಟಿಜನ್ ಆಗಿಲ್ಲ. ಹೆಲ್ತ್ ಸೆಂಟರ್‌ನಲ್ಲಿ ಕೆಲಸ ಮಾಡಿದರೆ ಓದಿನ ಸಾಲ ಸರ್ಕಾರ ತೀರಿಸುತ್ತದಂತೆ. ನಿಜವಾ?

ಉತ್ತರ: ನಮ್ಮವರು ತುಂಬಾ ಜನ ಎಡವುವ ಜಾಗ ಇದು. ಎಲ್ಲರೂ ಹೇಳುವ ನ್ಯಾಷನಲ್ ಹೆಲ್ತ್ ಸರ್ವಿಸ್ ಕೋರ್ ಯೋಜನೆಗೆ ಸಿಟಿಜನ್ ಆಗಿರಲೇಬೇಕು. ಆದರೆ ನರ್ಸ್ ಕೋರ್ ಅಂತ ಇನ್ನೊಂದಿದೆ. ಅದಕ್ಕೆ ಗ್ರೀನ್ ಕಾರ್ಡ್ ಇದ್ದವರೂ ಅರ್ಜಿ ಹಾಕಬಹುದು. ಆಯ್ಕೆಯಾದರೆ, ಸಿಬ್ಬಂದಿ ಕೊರತೆ ಇರುವ ಜಾಗದಲ್ಲಿ 2 ವರ್ಷ ಕೆಲಸ ಮಾಡಿದ್ದಕ್ಕೆ ನರ್ಸಿಂಗ್ ಓದಿನ ಸಾಲದ 60% ಕೊಡುತ್ತಾರೆ. ಆಯ್ಕೆ ಗ್ಯಾರಂಟಿ ಇಲ್ಲ. ರೆಸಿಡೆನ್ಸಿ ವರ್ಷ ಲೆಕ್ಕಕ್ಕೆ ಬರುತ್ತದಾ ಅಂತ ಸಹಿ ಹಾಕುವ ಮೊದಲೇ ಎಚ್‌ಆರ್ ಹತ್ತಿರ ಬರವಣಿಗೆಯಲ್ಲಿ ಕೇಳಿಕೋ.

ಪ್ರಶ್ನೆ (ಶಿವಮೊಗ್ಗದಿಂದ): ಸಿಸ್ಟರ್, ನಾನು ಇಲ್ಲಿ ಉಪಕೇಂದ್ರದಲ್ಲಿ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ). ನಮ್ಮದೂ ನಿಮ್ಮದೂ ಒಂದೇ ತರಹದ ಕೆಲಸ ಅಲ್ವಾ?

ಉತ್ತರ: ಜನ ಒಂದೇ ತರಹ, ಅಧಿಕಾರ ಬೇರೆ. ನಿಮಗೆ ಸಮುದಾಯ ಆರೋಗ್ಯದ ಆರು ತಿಂಗಳ ತರಬೇತಿ, ಮೇಲೆ ಪಿಎಚ್‌ಸಿ ಡಾಕ್ಟರ್, ಇ-ಸಂಜೀವಿನಿಯಲ್ಲಿ ಆನ್‌ಲೈನ್ ಡಾಕ್ಟರ್ ಸಲಹೆ. ಇಲ್ಲಿ ಅಮೆರಿಕದಲ್ಲಿ ಎನ್‌ಪಿ ಮಾಸ್ಟರ್ಸ್ ಅಥವಾ ಡಾಕ್ಟರೇಟ್ ಓದಿ ತಾವೇ ರೋಗ ಗುರುತಿಸಿ ಔಷಧಿ ಬರೆಯುತ್ತಾರೆ. ಭಾರತದಲ್ಲಿ ಕ್ರಿಟಿಕಲ್ ಕೇರ್‌ನ (ಐಸಿಯು ಆರೈಕೆಯ) ಎನ್‌ಪಿ ಕೋರ್ಸ್ ಎರಡು ವರ್ಷದ ರೆಸಿಡೆನ್ಸಿ ರೂಪದಲ್ಲೇ ಇದೆ. ಹಳ್ಳಿಯಲ್ಲಿ ಒಬ್ಬರೇ ಕೂರುವ ನಿಮ್ಮಂಥವರಿಗೂ ಅಂಥದ್ದೊಂದು ವರ್ಷ ಸಿಗಬೇಕು ಅಂತ ನನ್ನ ಆಸೆ.

ಪ್ರಶ್ನೆ (ಮೊದಲಿನವರು, ನಾಲ್ಕು ದಿನದ ನಂತರ): ಅಕ್ಕ, ಫೋನ್ ಮಾಡಿ ಕೇಳಿದೆ. ನಿನ್ನ ಕ್ಲಿನಿಕ್ ಹೊತ್ತಲ್ಲಿ ಪ್ರಿಸೆಪ್ಟರ್‌ಗೆ ಬೇರೆ ಪೇಷೆಂಟ್ ಇರಲ್ಲ ಅಂದರು. ಮೊದಲ ತಿಂಗಳು ಅರ್ಧ ದಿನಕ್ಕೆ 3 ಪೇಷೆಂಟ್ ಅಂತೆ. ನಮ್ಮ ಮನೆಯವರಿಗೆ ಇನ್ಸುಲಿನ್ ಪೆನ್ನಿನ ಕಥೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಸೇರು" ಅಂದರು.

ಉತ್ತರ: ತುಂಬಾ ಸಂತೋಷ ತಂಗಿ! ಸಹಿ ಹಾಕುವ ಮುಂಚೆ ಒಂದು ದಿನ ಅಲ್ಲಿ ಹೋಗಿ ಕೂತು ಬಾ. ರೆಸಿಡೆಂಟ್ ರೂಮಿನಿಂದ ಹೊರಗೆ ಬಂದಾಗ ಪ್ರಿಸೆಪ್ಟರ್ ಕಂಪ್ಯೂಟರ್‌ನಿಂದ ತಲೆ ಎತ್ತುತ್ತಾರಾ ಅಂತ ನೋಡು.