ರೆಂಬ್ರಾಂಟ್ ನೆರಳು ನಮ್ಮೂರಿನ ಮುಖಕ್ಕೆ ಕೂಡುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ಶಹಾಬಾದ್, ಕಲಬುರಗಿ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಚಿತ್ರ ಬರೆಯುವುದನ್ನು ಯಾರ ಹತ್ತಿರವೂ ಕಲಿತಿಲ್ಲ. ಕೆಲವು ವರ್ಷಗಳಿಂದ ಹಳೆಯ ದೊಡ್ಡ ಕಲಾವಿದರ ಚಿತ್ರಗಳನ್ನು ನೋಡಿ ಎಣ್ಣೆ ಬಣ್ಣದಲ್ಲಿ ನಕಲು ಮಾಡುತ್ತಿದ್ದೇನೆ. ಜಾಸ್ತಿ ರೆಂಬ್ರಾಂಟ್, ಹದಿನೇಳನೇ ಶತಮಾನದ ಹಾಲೆಂಡಿನ ಕಲಾವಿದ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ತನ್ನ ವೆಬ್‌ಸೈಟಿನಲ್ಲಿ ಚಿತ್ರಗಳ ದೊಡ್ಡ ಫೋಟೋಗಳನ್ನು ಪುಕ್ಕಟೆ ಇಟ್ಟಿದೆ. 1661ರಲ್ಲಿ ಅವನು ಸಂತ ಪೌಲನ ವೇಷದಲ್ಲಿ ತನ್ನನ್ನೇ ಬರೆದುಕೊಂಡ ಚಿತ್ರ ಅಲ್ಲಿದೆ. ಮೊಬೈಲಿನಲ್ಲಿ ಹಿಗ್ಗಿಸಿದರೆ ಹಣೆಯ ಮೇಲೆ ಬ್ರಷ್ ಎಲ್ಲಿ ತಿರುಗಿದೆ, ಎಲ್ಲಿ ನಿಂತಿದೆ ಅನ್ನುವುದೂ ಕಾಣುತ್ತದೆ.

ಮೊದಲು ಕಂದು ಬಣ್ಣವೊಂದರಲ್ಲೇ ಬೆಳಕು ನೆರಳು ಹಾಕುತ್ತೇನೆ. ಒಣಗಿದ ಮೇಲೆ ಬೆಳಕಿದ್ದ ಕಡೆ ದಪ್ಪ ಬಣ್ಣ, ನೆರಳಿಗೆ ತೆಳು ಬಣ್ಣ. ನಕಲು ಚೆನ್ನಾಗಿಯೇ ಬರುತ್ತದೆ. ಆದರೆ ನಮ್ಮತ್ತೆ ಪಡಸಾಲೆಯಲ್ಲಿ ಕೂತು ತೊಗರಿ ಹಸನು ಮಾಡುವುದನ್ನು ಅದೇ ರೀತಿ ಬರೆದರೆ ಮುಖ ಕೆಸರು ಕೆಸರು. ಮನೆಯವರು ನೋಡಿ, "ಅವ್ವನ ಮಾರಿ ಯಾಕ ಹಿಂಗ ಮಸಿ ಹಿಡದದ?" ಅಂತ ಕೇಳಿದರು. ಚಿತ್ರಕಲೆ ಕಲಿಸುವ ಒಬ್ಬರು, "ನಕಲು ಬಿಡಿ, ನಿಮ್ಮದೇ ಶೈಲಿ ಹುಡುಕಿ" ಅಂದರು. ನಕಲು ಬಿಡಲೇಬೇಕಾ? ಸ್ವಂತ ಶೈಲಿ ಅನ್ನುವುದು ಎಲ್ಲಿಂದ ಬರುತ್ತದೆ?

ಉತ್ತರ 1 (ಯಾದಗಿರಿ)

ಬಿಡಬೇಡಿ ಅಕ್ಕಾ. ಕಲಾವಿದ ವ್ಯಾನ್ ಗಾಗ್ 1889ರಲ್ಲಿ ಫ್ರಾನ್ಸಿನ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ, ತನಗಿಂತ ಹಿಂದಿನ ಫ್ರೆಂಚ್ ಕಲಾವಿದ ಮಿಲೆಯ ಚಿತ್ರಗಳನ್ನು ಒಂದರ ಹಿಂದೆ ಒಂದು ನಕಲು ಮಾಡಿದ. ಅವನ ಕೈಯಲ್ಲಿದ್ದದ್ದು ಕಪ್ಪು ಬಿಳುಪಿನ ಪ್ರತಿಗಳು. ಗೆರೆ ಮಿಲೆಯದು, ಬಣ್ಣ ಪೂರ್ತಿ ಅವನದೇ. ನೀವೂ ರೆಂಬ್ರಾಂಟ್ ಫೋಟೋವನ್ನು ಮೊಬೈಲಿನಲ್ಲಿ ಕಪ್ಪು ಬಿಳುಪು ಮಾಡಿಕೊಂಡು ಬಣ್ಣ ನೀವೇ ನಿರ್ಧರಿಸಿ ನೋಡಿ. ಇನ್ನೊಂದು ಮಾತು. ನೆರಳಿಗೆ ಬರ್ಂಟ್ ಅಂಬರ್ (ಗಾಢ ಕಂದು) ಜೊತೆ ಕಪ್ಪು ಸೇರಿಸುತ್ತಿದ್ದರೆ ಕಪ್ಪು ನಿಲ್ಲಿಸಿ.

ಉತ್ತರ 2 (ಬೀದರ್)

ತಂಗೀ, ನಾನು ಬೋರ್ಡು, ಸಿನಿಮಾ ಬ್ಯಾನರ್ ಬರೆದು ಬದುಕಿದವನು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಹೋಯಿತು, ಈಗ ಮನೆಯಲ್ಲಿ ಕೂತು ನನಗೆ ಬೇಕಾದ್ದು ಬರೆಯುತ್ತೇನೆ. ನಾನೂ ಶಾಲೆಯಲ್ಲಿ ಕಲಿತವನಲ್ಲ. ನಿನ್ನ ತೊಂದರೆ ಕೈಯದಲ್ಲ, ಬೆಳಕಿನದು.

ರೆಂಬ್ರಾಂಟನ ಮುಖಗಳನ್ನು ಮತ್ತೆ ನೋಡು. ಬೆಳಕು ಮೇಲಿನಿಂದ, ಒಂದೇ ಕಡೆಯಿಂದ ಬರುತ್ತದೆ. ಸುತ್ತ ಕತ್ತಲೆ. ಹಾಗಾಗಿ ಅವನ ನೆರಳು ಕಂದಾಗಿ ಒಳಗೆ ಇಳಿದುಹೋಗುತ್ತದೆ. ನಿಮ್ಮ ಪಡಸಾಲೆಯಲ್ಲಿ ಏನಾಗುತ್ತದೆ? ಹೊರಗೆ ಬಿಸಿಲು ಸುರಿಯುತ್ತಿದೆ. ನಿಮ್ಮೂರಿನದೇ ಬೂದು ಬಣ್ಣದ ಕಲ್ಲು ನೆಲಕ್ಕಿದೆ. ಬಿಸಿಲು ಆ ಕಲ್ಲಿಗೆ ಬಡಿದು ಕೆಳಗಿನಿಂದ ಮುಖಕ್ಕೆ ಏರುತ್ತದೆ. ಗದ್ದದ ಅಡಿ, ಮೂಗಿನ ಅಡಿ, ಹುಬ್ಬಿನ ಕೆಳಗೆ, ಎಲ್ಲ ಕಡೆ ಬೆಳಕು ಇದ್ದೇ ಇದೆ. ಅಲ್ಲಿ ನೀನು ಹಾಲೆಂಡಿನ ಕತ್ತಲೆ ತಂದು ತುಂಬಿದರೆ ಮಸಿ ಹಿಡಿಯದೆ ಏನಾಗುತ್ತದೆ?

ನಾಳೆ ಬಿಸಿಲು ಬಂದ ಮೇಲೆ ಅತ್ತೆಯನ್ನು ಅದೇ ಜಾಗದಲ್ಲಿ ಕೂಡಿಸು. ಅವರ ಮುಂದೆ ನೆಲಕ್ಕೆ ಒಂದು ಕಪ್ಪು ಬಟ್ಟೆ ಹಾಸು. ಗದ್ದದ ಕೆಳಗಿನ ನೆರಳು ಗಟ್ಟಿಯಾಗುತ್ತದೆ. ಬಟ್ಟೆ ತೆಗೆದರೆ ಆ ನೆರಳು ತಿಳಿಯಾಗುತ್ತದೆ. ಕೆಂಪು ಸೀರೆ ಉಟ್ಟಿದ್ದರೆ ಸೆರಗಿನ ಕೆಂಪು ಕತ್ತಿನ ಮೇಲೆ ಬಿದ್ದಿರುತ್ತದೆ, ಅದನ್ನೂ ನೋಡು. ಆಮೇಲೆ ನೆರಳಿಗೆ ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ಂಟ್ ಸಿಯೆನ್ನಾ (ಕೆಂಪು ಕಂದು), ಚಿಟಿಕೆ ಅಲ್ಟ್ರಾಮರೀನ್ ನೀಲಿ ಕೂಡಿಸಿ ಹಚ್ಚು. ಅವನ ಪದ್ಧತಿ ಮಾತ್ರ ಬಿಡಬೇಡ. ಬೆಳಕು ದಪ್ಪ, ನೆರಳು ತೆಳು ಅನ್ನುವುದು ಬಂಗಾರದಂಥ ಪಾಠ.

ಶೈಲಿ ಹುಡುಕಿದರೆ ಸಿಗುವುದಿಲ್ಲ ತಂಗೀ. ಗುರು ಹೇಳಿದ್ದು ಎಲ್ಲಿ ನಿನ್ನ ಕಣ್ಣಿಗೆ ಕೂಡುವುದಿಲ್ಲವೋ, ಅಲ್ಲಿ ನೀನು ಏನು ಬದಲು ಮಾಡಿದೆಯೋ ಅದೇ ನಿನ್ನದು. ರೆಂಬ್ರಾಂಟನೇ ಮಾಡಿದ ಕೆಲಸ ಇದು. 1656ರಿಂದ 1661ರ ನಡುವೆ ಅವನು ನಮ್ಮ ಕಡೆಯ ಮೊಗಲ್ ಚಿತ್ರಗಳನ್ನು ನೋಡಿ ಇಪ್ಪತ್ತಕ್ಕೂ ಹೆಚ್ಚು ನಕಲು ಮಾಡಿದ್ದಾನೆ. ಬಾದಶಹನ ನಿಲುವು, ಅಂಗಿ, ಪೇಟ ಎಲ್ಲ ಹಾಗೇ ಇದೆ. ಆದರೆ ಮೂಲದ ಥಳಥಳಿಸುವ ಬಣ್ಣ ಬಿಟ್ಟು, ಪೆನ್ನು ಮತ್ತು ತೆಳು ಕಂದು ಶಾಯಿಯಲ್ಲಿ ತನ್ನ ನೆರಳು ಸೇರಿಸಿದ. ಅವನು ನಮ್ಮಿಂದ ತೆಗೆದುಕೊಂಡ, ನೀನು ಅವನಿಂದ ತೆಗೆದುಕೋ. ನಾಚಿಕೆ ಯಾಕೆ?

ಪ್ರಶ್ನೆ ಕೇಳಿದವರು

ಅಣ್ಣಾ, ಕಪ್ಪು ಬಟ್ಟೆ ಹಾಸಿ ನೋಡಿದೆ. ನೀವು ಹೇಳಿದ್ದು ನಿಜ! ಬಟ್ಟೆ ತೆಗೆದ ತಕ್ಷಣ ಮುಖವೇ ಬೇರೆ. ಇಷ್ಟು ದಿನ ಅದೇ ನೆಲದ ಮೇಲೆ ಕೂತು ಹೊಲಿಯುತ್ತಿದ್ದೇನೆ. ಈಗ ಯಾರ ಮುಖ ನೋಡಿದರೂ ಮೊದಲು ಗದ್ದದ ಕೆಳಗೇ ಕಣ್ಣು ಹೋಗುತ್ತದೆ. ಹಾಗಾದರೆ ಇಂಥ ತಿಳಿ ನೆರಳು ಕಲಿಯಲು ಯಾರನ್ನು ನೋಡಲಿ? ಫೋಟೋ ಅಲ್ಲದೆ ನಿಜವಾದ ಚಿತ್ರವನ್ನೇ ನೋಡುವ ಆಸೆಯೂ ಇದೆ.

ಉತ್ತರ 3 (ಕಲಬುರಗಿ)

ಅಕ್ಕಾ, ರೈಕ್ಸ್‌ಮ್ಯೂಸಿಯಂ ವೆಬ್‌ಸೈಟಿನಲ್ಲೇ ಹಾಲೆಂಡಿನದೇ ಕಲಾವಿದ ವರ್ಮೀರ್ ಬರೆದ, ಹಾಲು ಸುರಿಯುವ ಹೆಂಗಸಿನ ಚಿತ್ರ ಇದೆ. ಸುಮಾರು 1660ರದು. ಎಡಗಡೆ ಕಿಟಕಿ, ಹಿಂದೆ ಬಿಳಿ ಗೋಡೆ. ಕೋಣೆಯ ತುಂಬ ಬೆಳಕು ಹರಡಿದೆ. ನಿಮ್ಮ ಪಡಸಾಲೆಗೆ ಇವನೇ ಹತ್ತಿರ.

ನಿಜವಾದ ಚಿತ್ರ ಅಂದರೆ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ. ಯುರೋಪಿನ ಎಣ್ಣೆ ಬಣ್ಣದ ಚಿತ್ರಗಳು ಅಲ್ಲಿವೆ. ಶಹಾಬಾದಿನಿಂದ ವಾಡಿಗೆ ಬಂದರೆ ರೈಲು ಸಿಗುತ್ತದೆ. ಶುಕ್ರವಾರ ರಜೆ, ಆ ದಿನ ಬಿಟ್ಟು ಹೋಗಿ. ಚಿತ್ರದ ಎದುರು ನಿಂತು ನೋಡುವುದಷ್ಟೇ ಸಾಲದು. ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಬಣ್ಣ ಎಲ್ಲಿ ಉಬ್ಬಿದೆ, ಎಲ್ಲಿ ತೆಳುವಾಗಿದೆ ಅನ್ನುವುದು ಆಗ ಗೊತ್ತಾಗುತ್ತದೆ. ಫೋಟೋದಲ್ಲಿ ಸಿಗದೇ ಹೋಗುವುದು ಇದೇ.

ನಮ್ಮವರನ್ನೂ ನೋಡಿ. ಎಸ್.ಎಂ. ಪಂಡಿತ್ ಕಲಬುರಗಿಯಲ್ಲೇ 1916ರಲ್ಲಿ ಹುಟ್ಟಿದವರು. ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರಗಳಲ್ಲಿ ದೊಡ್ಡ ಹೆಸರು ಮಾಡಿದರು. ಇಲ್ಲಿನ ರಂಗಮಂದಿರಕ್ಕೆ ಅವರದೇ ಹೆಸರಿದೆ. ಮನುಷ್ಯರನ್ನು ಬರೆಯುವ ಪಾಶ್ಚಾತ್ಯ ರೀತಿಯನ್ನು ಪೂರ್ತಿ ಕಲಿತು, ಅದರಲ್ಲಿ ನಮ್ಮ ಪುರಾಣದ ದೇವರುಗಳನ್ನು ಬರೆದರು. ಅವರ ಚಿತ್ರಗಳಲ್ಲಿ ಮೈ ಬಣ್ಣ ಹೇಗೆ ಹೊಳೆಯುತ್ತದೆ ನೋಡಿ. ಹಳೆಯ ಕ್ಯಾಲೆಂಡರ್ ಯಾರ ಮನೆಯಲ್ಲಾದರೂ ಇದ್ದರೆ ಬಿಡಬೇಡಿ, ಕೇಳಿ ತಂದುಕೊಳ್ಳಿ.

ಮುಖಕ್ಕೆ ನೆಲದ ಕಲ್ಲಿನ ಬೆಳಕು ಹಾಕಿದ ಅತ್ತೆಯ ಚಿತ್ರ ಮುಗಿದಾಗ ಇಲ್ಲೇ ಹಾಕಿ. ಮೊದಲಿನದನ್ನೂ ಪಕ್ಕದಲ್ಲಿ ಇಡಿ. ಎರಡನ್ನೂ ಹಗಲು ಹೊತ್ತಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ.