ಅಪ್‌ಡೇಟ್: ವಿಭಾಗದ ಸರ್ವರ್‌ನಲ್ಲಿ ನನ್ನ ಪೇಜ್ ಕೊನೆಗೂ ತೆರೆಯಿತು

ತುಮಕೂರಿನ ನಮ್ಮ ವಿಭಾಗದ ಸರ್ವರ್‌ನಲ್ಲಿ ಸ್ವಂತ ಪೇಜ್ ಹಾಕಿದರೆ 403 ಫರ್ಬಿಡನ್ (ನೋಡಲು ಅನುಮತಿ ಇಲ್ಲ ಎಂಬ ಎರರ್) ಬರುತ್ತಿದೆ ಎಂದು ಕೇಳಿದ್ದೆ, ಅಲ್ವಾ? ಈಗ ಸರಿಹೋಗಿದೆ.

ವೆಬ್ ಪೇಜ್ ಇಡುವ ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರ್‌ಗೆ 755, ಫೈಲ್‌ಗಳಿಗೆ 644 ಪರ್ಮಿಷನ್ (ಯಾರು ಓದಬಹುದು, ಯಾರು ತಿದ್ದಬಹುದು ಎಂದು ಹೇಳುವ ಸಂಖ್ಯೆ) ಕೊಡಿ ಎಂದಿರಿ. ಅದು ಮೊದಲೇ ಹಾಗೇ ಇತ್ತು. ಬ್ರೌಸರ್ ಕ್ಯಾಶ್ ಅಳಿಸಿದ್ದರಿಂದಲೂ ಏನೂ ಆಗಲಿಲ್ಲ. ಕೆಲಸ ಮಾಡಿದ್ದು, ಅದರ ಹೊರಗಿನ ನನ್ನ ಹೋಮ್ ಫೋಲ್ಡರ್‌ಗೆ 711 ಕೊಡಿ ಎಂಬ ಸಲಹೆ. ಅದು 700 ಇತ್ತು, ಅಂದರೆ ನನ್ನನ್ನು ಬಿಟ್ಟು ಬೇರೆಯವರಿಗೆ ಪ್ರವೇಶವಿಲ್ಲ. ಒಳಬಾಗಿಲು ತೆರೆದಿದ್ದರೂ ಹೊರಗಿನ ಗೇಟಿಗೆ ಬೀಗ ಹಾಕಿದ ಹಾಗೆ. 711 ಇದ್ದರೆ ಅಪಾಚೆ (ಪೇಜ್‌ಗಳನ್ನು ಬ್ರೌಸರ್‌ಗೆ ಕಳಿಸುವ ಸಾಫ್ಟ್‌ವೇರ್) ದಾಟಿಕೊಂಡು ಹೋಗುತ್ತದೆ, ಆದರೆ ಹೋಮ್‌ನಲ್ಲಿ ಏನೇನಿದೆ ಎಂಬ ಪಟ್ಟಿ ಬೇರೆಯವರಿಗೆ ಕಾಣುವುದಿಲ್ಲ. ಒಬ್ಬರು ಹೇಳಿದ 777 (ಎಲ್ಲರಿಗೂ ಎಲ್ಲ ಅನುಮತಿ) ಮಾತ್ರ ದಯವಿಟ್ಟು ಬೇಡ. ಆ ಸರ್ವರ್‌ನಲ್ಲಿ ಅಕೌಂಟ್ ಇರುವ ಯಾರು ಬೇಕಾದರೂ ನಿಮ್ಮ ಪೇಜ್ ತಿದ್ದಬಹುದು.

ಆಮೇಲೆ ಪೇಜ್ ಬಂತು, ಫೋಟೋ ಮಾತ್ರ ಇಲ್ಲ! ಪರ್ಮಿಷನ್ ಎಲ್ಲ ಸರಿಯಾಗೇ ಇತ್ತು. ನಮ್ಮ ಸರ್ವರ್‌ನಲ್ಲಿರುವುದು ಅಲ್ಮಾಲಿನಕ್ಸ್ ಎಂಬ ಲಿನಕ್ಸ್, ಅದರಲ್ಲಿ ಎಸ್‌ಇಲಿನಕ್ಸ್ (ಪ್ರತಿ ಫೈಲ್‌ನ ಲೇಬಲ್ ನೋಡಿ ಪ್ರವೇಶ ಕೊಡುವ ಹೆಚ್ಚುವರಿ ಭದ್ರತೆ) ಆನ್ ಇದೆ. ಹೋಮ್‌ನಿಂದ ಎಂವಿ (mv) ಕಮಾಂಡಿನಲ್ಲಿ ಸರಿಸಿದ ಫೈಲ್ ತನ್ನ ಹಳೆಯ ಲೇಬಲ್ ಹೊತ್ತುಕೊಂಡೇ ಬರುತ್ತದೆ, ಅಪಾಚೆ ಅದನ್ನು ಮುಟ್ಟುವುದಿಲ್ಲ. ಇದು ನನಗೆ ಹೊಸ ವಿಷಯ. ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರ್ ಮೇಲೆ ಲೇಬಲ್ ಸರಿಪಡಿಸುವ ರೀಸ್ಟೋರ್‌ಕಾನ್ (restorecon) ಕಮಾಂಡ್ ಓಡಿಸಿದೆ, ಫೋಟೋ ಬಂತು. ಸಿಪಿ (cp) ಕಮಾಂಡಿನಲ್ಲಿ ಕಾಪಿ ಮಾಡಿದರೆ ಈ ತಲೆನೋವು ಇರುವುದಿಲ್ಲ, ಹೊಸ ಫೈಲ್‌ಗೆ ಆ ಫೋಲ್ಡರ್‌ನ ಲೇಬಲ್ಲೇ ಸಿಗುತ್ತದೆ.