ಟೆನಿಸ್ ಆಡುವ ಹೆಣ್ಣುಮಕ್ಕಳು: ಕ್ರೀಡಾ ವೈದ್ಯೆಗೆ ಕೇಳಿ

ನಿರ್ವಾಹಕ: ಇಂದು ಸಂಜೆ ನಮ್ಮ ಪ್ರಶ್ನೆಗಳಿಗೆ ಉತ್ತರಿಸುವವರು ಕ್ರೀಡಾ ವೈದ್ಯೆ. ವೃತ್ತಿಪರ ಆಟಗಾರ್ತಿಯರಿಗೂ ಆ ಹಾದಿ ಹಿಡಿದ ಹುಡುಗಿಯರಿಗೂ ಹದಿನಾರು ವರ್ಷಗಳಿಂದ ಚಿಕಿತ್ಸೆ ನೀಡುತ್ತಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಸಂದೇಶ ಬೇಡ.

ತಂದೆ (ಮಗಳಿಗೆ 12): ಮೇಡಂ, ನಮಸ್ಕಾರ. ಮಗಳು ತನ್ನ ವಯಸ್ಸಿನವರನ್ನೆಲ್ಲ ಸೋಲಿಸುತ್ತಿದ್ದಾಳೆ. ಮುಂದಿನ ವರ್ಷವೇ ವೃತ್ತಿಪರ ಟೂರ್ನಿಗಳಿಗೆ ಇಳಿಸಬಹುದೇ? ಶಾಲೆ ಬಿಡಿಸುವ ಯೋಚನೆಯೂ ಇದೆ.

ವೈದ್ಯೆ: ಆಗುವುದಿಲ್ಲ. 14 ತುಂಬುವ ಮೊದಲು ಡಬ್ಲ್ಯುಟಿಎ, ಅಂದರೆ ವೃತ್ತಿಪರ ಮಹಿಳಾ ಟೆನಿಸ್ ನಡೆಸುವ ಸಂಸ್ಥೆ, ಬಾಗಿಲು ತೆರೆಯುವುದಿಲ್ಲ. ಆಮೇಲೂ 18ರವರೆಗೆ ವರ್ಷಕ್ಕೆ ಇಷ್ಟೇ ಟೂರ್ನಿ ಎಂಬ ಮಿತಿ ಇದೆ. 15ರ ಹುಡುಗಿಗೆ ಸಾಮಾನ್ಯವಾಗಿ 10. ಈ ನಿಯಮ 1995ರಿಂದ ಜಾರಿಯಲ್ಲಿದೆ, ಸುಮ್ಮನೆ ಬಂದದ್ದಲ್ಲ. ಜೆನಿಫರ್ ಕ್ಯಾಪ್ರಿಯಾಟಿ 1990ರಲ್ಲಿ 14 ತುಂಬುವ ಮೊದಲೇ ವೃತ್ತಿಪರ ಕಣಕ್ಕಿಳಿದರು. ಅದೇ ವರ್ಷ ಫ್ರೆಂಚ್ ಓಪನ್ ಸೆಮಿಫೈನಲ್, 1992ರಲ್ಲಿ ಸ್ಟೆಫಿ ಗ್ರಾಫ್ ಅವರನ್ನು ಸೋಲಿಸಿ ಒಲಿಂಪಿಕ್ ಚಿನ್ನ. 1993 ಮುಗಿಯುವ ಹೊತ್ತಿಗೆ ಆಟವನ್ನೇ ಬಿಟ್ಟಿದ್ದರು. 2001ರಲ್ಲಿ ಅವರು ಆಸ್ಟ್ರೇಲಿಯನ್ ಓಪನ್ ಗೆದ್ದ ಕಥೆಯನ್ನು ಎಲ್ಲ ತಂದೆಯಂದಿರೂ ನನಗೆ ಹೇಳುತ್ತಾರೆ. ನಡುವಿನ ವರ್ಷಗಳನ್ನು ಯಾರೂ ಹೇಳುವುದಿಲ್ಲ.

ತಂದೆ (ಮಗಳಿಗೆ 12): ಶಾಲೆಯ ವಿಷಯ, ಮೇಡಂ?

ತಾಯಿ (ಮಗಳಿಗೆ 14): ಡಾಕ್ಟರೇ, ಮಗಳು ದಿನಕ್ಕೆ ನಾಲ್ಕು ಗಂಟೆ ಆಡುತ್ತಾಳೆ. ಎರಡು ತಿಂಗಳಿಂದ ಸೊಂಟದ ಎಡಗಡೆ ನೋವು. ಬಗ್ಗಿ ಶೂ ಕಟ್ಟುವಾಗ ಏನೂ ಇಲ್ಲ, ಸರ್ವ್ ಮಾಡುವಾಗ ಮಾತ್ರ ಚುಚ್ಚುತ್ತದೆ ಎನ್ನುತ್ತಾಳೆ. ಹೊಸ ಸರ್ವ್ ಕಲಿಸುತ್ತಿದ್ದಾರೆ. ಸ್ನಾಯು ಹಿಡಿದಿದೆ, ಸರಿಹೋಗುತ್ತದೆ ಎಂದು ಕೋಚ್ ಹೇಳಿದರು. ಯಾವ ಎಣ್ಣೆ ಹಚ್ಚಿದರೆ ಒಳ್ಳೆಯದು? ದೊಡ್ಡವಳಾಗಿ ಎರಡು ವರ್ಷವಾಯಿತು, ಈಗ ಐದು ತಿಂಗಳಿಂದ ಮುಟ್ಟಾಗಿಲ್ಲ. ಕಷ್ಟಪಟ್ಟು ಆಡುವವರಿಗೆ ಅದು ಸಹಜವಂತೆ. ಎಣ್ಣೆಯ ಹೆಸರು ಹೇಳಿದರೆ ಸಾಕು.

ವೈದ್ಯೆ: ಎಣ್ಣೆ ಹಾಗಿರಲಿ. ಹೊಸ ಸರ್ವ್ ಎಂದರೆ ಚೆಂಡನ್ನು ತಲೆಯ ಹಿಂದಕ್ಕೆ ಎಸೆದು ಹೊಡೆಯುವ ಕಿಕ್ ಸರ್ವೇ? ದಿನಕ್ಕೆ ಎಷ್ಟು? ತೂಕ ಇಳಿದಿದೆಯೇ?

ತಾಯಿ (ಮಗಳಿಗೆ 14): ಹೌದು, ಅದೇ. ಒಂದು ಬುಟ್ಟಿ ಚೆಂಡು ಮುಗಿದರೆ ಇನ್ನೊಂದು ಬುಟ್ಟಿ ತರುತ್ತಾರೆ, ಲೆಕ್ಕ ಗೊತ್ತಿಲ್ಲ. ಮೂರು ಕಿಲೊ ಇಳಿದಿದ್ದಾಳೆ. ಕಾಲು ಹಗುರವಾಗಿದೆ ಎಂದು ಕೋಚ್ ಮೆಚ್ಚಿಕೊಂಡರು.

ಸದಸ್ಯ: ಈ ವಿಡಿಯೊ ನೋಡಿ ಅಕ್ಕ. ಮಗುವನ್ನು ಬೋರಲು ಮಲಗಿಸಿ ಮೊಣಕಾಲಿನಿಂದ ಸೊಂಟ ಒತ್ತಿ ‘ಲಟಕ್’ ಎನಿಸಿದರೆ ಐದು ನಿಮಿಷದಲ್ಲಿ ನೋವು ಮಾಯ. ನೂರಾರು ಜನರಿಗೆ ಗುಣವಾಗಿದೆ.

ವೈದ್ಯೆ: ಆ ವಿಡಿಯೊ ಅಳಿಸಿ. ಈಗಲೇ. ತಾಯಿ, ಈ ಮಗುವಿನ ಬೆನ್ನನ್ನು ಯಾರೂ ಒತ್ತಬಾರದು, ತುಳಿಯಬಾರದು, ತಿರುಚಬಾರದು.

ನನ್ನ ಅನುಮಾನ ಹೇಳುತ್ತೇನೆ. ಕಿಕ್ ಸರ್ವ್ ಹೊಡೆಯುವಾಗ ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತದೆ, ಬಾಗಿದಲ್ಲೇ ತಿರುಗುತ್ತದೆ. ಕೆಳಬೆನ್ನಿನ ಪ್ರತಿ ಮಣಿಯ ಹಿಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಕಿರಿದಾದ ಎಲುಬಿನ ಕೊಂಡಿ ಇದೆ. ಬೆಳೆಯುವ ವಯಸ್ಸಿನಲ್ಲಿ ಅದು ಇನ್ನೂ ಬಲಿತಿರುವುದಿಲ್ಲ. ತಂತಿಯನ್ನು ಒಂದೇ ಕಡೆ ಮತ್ತೆ ಮತ್ತೆ ಬಗ್ಗಿಸಿದರೆ ಏನಾಗುತ್ತದೋ ಅಲ್ಲಿಯೂ ಅದೇ ಆಗುತ್ತದೆ, ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಸ್ನಾಯು ಹಿಡಿದಿದ್ದರೆ ಮುಂದಕ್ಕೆ ಬಗ್ಗುವಾಗಲೂ ಸಾಮಾನ್ಯವಾಗಿ ಎಳೆಯುತ್ತದೆ. ಇವಳಿಗೆ ಶೂ ಕಟ್ಟುವಾಗ ನೋವಿಲ್ಲ, ಹಿಂದಕ್ಕೆ ಬಾಗಿದಾಗ ಒಂದೇ ಪಕ್ಕದಲ್ಲಿ ಚುಚ್ಚುತ್ತದೆ. ಅದನ್ನು ನೀವು ಗಮನಿಸಿ ಬರೆದದ್ದು ಬಹಳ ಒಳ್ಳೆಯದಾಯಿತು.

ಎಕ್ಸ್-ರೇ ಸಾಲದು. ಆರಂಭದ ಬಿರುಕು ಅದರಲ್ಲಿ ಕಾಣದೆ ಹೋಗಬಹುದು. ಎಕ್ಸ್-ರೇ ಸರಿಯಿದೆ, ಆಡಲಿ ಎಂದು ಕಳುಹಿಸಿದ ಹುಡುಗಿಯರು ಆರು ತಿಂಗಳ ಮೇಲೆ ಸೊಂಟ ಹಿಡಿದುಕೊಂಡು ನನ್ನ ಬಳಿಗೆ ಬಂದದ್ದಿದೆ. ಎಂಆರ್‌ಐ ಮಾಡಿಸಿ. ಬೇಗ ಗೊತ್ತಾದರೆ ಸುಮಾರು ಮೂರು ತಿಂಗಳು ಆಟ ನಿಲ್ಲಿಸಿದಾಗ ಎಷ್ಟೋ ಮಕ್ಕಳ ಎಲುಬು ತಾನೇ ಕೂಡಿಕೊಳ್ಳುತ್ತದೆ.

ಇನ್ನು ಮುಟ್ಟು. ನೀವು ಎಲ್ಲಕ್ಕಿಂತ ಕೊನೆಗೆ ಬರೆದ ಸಂಗತಿಯೇ ನನಗೆ ಹೆಚ್ಚು ಚಿಂತೆ ತಂದಿದೆ. ಅದು ಸಹಜವಲ್ಲ. ಆಟಕ್ಕೆ ಖರ್ಚಾಗುವಷ್ಟು ಶಕ್ತಿ ಊಟದಿಂದ ಬಾರದಿದ್ದರೆ ದೇಹ ಜಿಪುಣತನಕ್ಕೆ ಇಳಿಯುತ್ತದೆ, ಮುಟ್ಟನ್ನು ನಿಲ್ಲಿಸಿಬಿಡುತ್ತದೆ. ಜೊತೆಗೆ ಎಲುಬನ್ನು ಕಾಯುವ ಹಾರ್ಮೋನ್ ಈಸ್ಟ್ರೊಜೆನ್ ಇಳಿಯುತ್ತದೆ, ಎಲುಬು ಸೊರಗುತ್ತದೆ. ಅದೂ ಇಡೀ ಜೀವಮಾನಕ್ಕೆ ಬೇಕಾದ ಎಲುಬನ್ನು ಕಟ್ಟಿಕೊಳ್ಳಬೇಕಾದ ವಯಸ್ಸಿನಲ್ಲಿ! ಒಂದು ಕಡೆ ಬುಟ್ಟಿಗಟ್ಟಲೆ ಸರ್ವ್, ಇನ್ನೊಂದು ಕಡೆ ಸೊರಗಿದ ಎಲುಬು. ಥೈರಾಯ್ಡ್‌ನಂತಹ ಬೇರೆ ಕಾರಣಗಳೂ ಇರಬಹುದು, ರಕ್ತ ಪರೀಕ್ಷೆ ಆಗಲಿ. ಮೂರು ತಿಂಗಳು ತಪ್ಪಿದರೆ ವೈದ್ಯರಿಗೆ ತೋರಿಸಬೇಕು. ನಿಮ್ಮನ್ನು ಗದರಿಸುತ್ತಿಲ್ಲ, ನಂಬುವಂತಹವರು ಹೇಳಿದರು, ನಂಬಿದಿರಿ.

ಇಂದಿನಿಂದ ಸರ್ವ್, ಓಟ, ಜಿಗಿತ ಎಲ್ಲವೂ ಬಂದ್. ತೂಕ ಇಳಿದದ್ದನ್ನು ಯಾರೂ ಅವಳೆದುರು ಹೊಗಳಬಾರದು. ಈ ವಾರವೇ ಕ್ರೀಡಾ ವೈದ್ಯರನ್ನೋ ಮೂಳೆ ವೈದ್ಯರನ್ನೋ ಕಾಣಿರಿ, ಮುಟ್ಟಿನ ವಿಷಯವನ್ನು ಮೊದಲೇ ಹೇಳಿ.

ತರಬೇತುದಾರ: ಇಪ್ಪತ್ತು ವರ್ಷಗಳಿಂದ ಕಲಿಸುತ್ತಿದ್ದೇನೆ. ಎಲ್ಲದಕ್ಕೂ ಸ್ಕ್ಯಾನ್ ಎಂದರೆ ಮಕ್ಕಳು ಆಡುವುದು ಯಾವಾಗ? ನೋವು ಉಣ್ಣದೆ ಚಾಂಪಿಯನ್ ಆದವರಿಲ್ಲ.

ವೈದ್ಯೆ: ನಿಮ್ಮ ಮಕ್ಕಳು ದಿನಕ್ಕೆ ಎಷ್ಟು ಸರ್ವ್ ಮಾಡುತ್ತಾರೆ?

ತರಬೇತುದಾರ: ಅದು ಮಗುವಿನ ಶಕ್ತಿಯನ್ನು ನೋಡಿಕೊಂಡು.

ವೈದ್ಯೆ: ಅಂದರೆ ಎಣಿಸಿಲ್ಲ.

ಸದಸ್ಯೆ: ಟೆನಿಸ್ ಎಲ್ಬೊಗೆ ಮೊಣಕೈ ಪಟ್ಟಿ ಕಟ್ಟಿದರೆ ಸಾಕೇ?

ವೈದ್ಯೆ: ನೋವು ತಗ್ಗಬಹುದು. ಗುಣವಾಗುವುದು ಮುಂಗೈ ಸ್ನಾಯುವಿಗೆ ನಿಧಾನವಾಗಿ ಭಾರ ಕೊಟ್ಟು ಬಲಪಡಿಸಿದರೆ.

ಸದಸ್ಯ: ನನಗೂ ಟೆನಿಸ್ ಎಲ್ಬೊ. ಪಟ್ಟಿ ಕಟ್ಟಬಹುದೇ?

ವೈದ್ಯೆ: ಮೇಲಿನ ಉತ್ತರ ಓದಿ.

ಸದಸ್ಯ: ಪಂದ್ಯದ ಮರುದಿನದ ಆಯಾಸಕ್ಕೆ ಒಂದು ಪುಡಿಯ ಸಂದೇಶ ಬಂದಿದೆ, ಹಂಚಿಕೊಳ್ಳುತ್ತಿದ್ದೇನೆ. ನೂರಕ್ಕೆ ನೂರು ಗಿಡಮೂಲಿಕೆ. ಅಡ್ಡ ಪರಿಣಾಮ ಇಲ್ಲವೇ ಇಲ್ಲ.

ವೈದ್ಯೆ: ಫಾರ್ವರ್ಡ್ ಬೇಡ ಎಂದು ಮೊದಲ ಸಾಲಿನಲ್ಲೇ ಬರೆದಿದೆ. ಡಬ್ಬಿಯಲ್ಲಿ ಏನಿದೆ ಎಂದು ನಿಮಗೆ ಗೊತ್ತೇ? ಇಗಾ ಶ್ವಿಯಾಂಟೆಕ್ ನಿದ್ರೆಗೆಂದು ನುಂಗಿದ ಮೆಲಟೋನಿನ್ ಗುಳಿಗೆಯಲ್ಲಿ ಟ್ರೈಮೆಟಾಜಿಡಿನ್ ಎಂಬ ನಿಷೇಧಿತ ಹೃದಯದ ಔಷಧ ಬೆರೆತಿತ್ತು. ಬೇಕೆಂದು ಮಾಡಿದ್ದಲ್ಲ ಎಂದು ತನಿಖಾ ಸಂಸ್ಥೆಯೇ ಒಪ್ಪಿಕೊಂಡ ಮೇಲೂ 2024ರಲ್ಲಿ ಒಂದು ತಿಂಗಳ ನಿಷೇಧ. ಸಿಮೊನಾ ಹಾಲೆಪ್ 2022ರ ಯುಎಸ್ ಓಪನ್‌ನಲ್ಲಿ ಕೊಟ್ಟ ಮೂತ್ರದ ಮಾದರಿಯಲ್ಲಿ ನಿಷೇಧಿತ ಔಷಧ ಸಿಕ್ಕಿತು. ನಾಲ್ಕು ವರ್ಷದ ನಿಷೇಧವನ್ನು ಕ್ರೀಡಾ ನ್ಯಾಯಮಂಡಳಿ ಒಂಬತ್ತು ತಿಂಗಳಿಗೆ ಇಳಿಸುವಷ್ಟರಲ್ಲಿ 2024ರ ಮಾರ್ಚ್ ಬಂದಿತ್ತು. ಆಟಗಾರ್ತಿಯ ದೇಹದಲ್ಲಿ ಏನು ಸಿಕ್ಕರೂ ಹೊಣೆ ಅವಳದೇ. ಮೂತ್ರದ ಸೀಸೆ ನಿಮ್ಮ ಡಬ್ಬಿಯ ಲೇಬಲ್ ಓದುವುದಿಲ್ಲ.

ಹಳೆಯ ಅಭಿಮಾನಿ: ಇವೆಲ್ಲ ನೆಪ. ಸಾನಿಯಾ ಮಿರ್ಜಾ ಸಿಂಗಲ್ಸ್ ಬಿಟ್ಟದ್ದೂ ಗಾಯದಿಂದಲ್ಲ, ಸೋಲಿನ ಭಯದಿಂದ. ಡಬಲ್ಸ್ ಎಂದರೆ ಅರ್ಧ ಕೋರ್ಟಿನ ಆಟ.

ಕಾಲೇಜು ಆಟಗಾರ್ತಿ: 2007ರಲ್ಲಿ ಸಿಂಗಲ್ಸ್‌ನಲ್ಲಿ ವಿಶ್ವದ 27ನೇ ಸ್ಥಾನಕ್ಕೇರಿದವರು ಅವರು. 2008ರಲ್ಲಿ ಮಣಿಕಟ್ಟಿನ ಶಸ್ತ್ರಚಿಕಿತ್ಸೆ. 2015ರಲ್ಲಿ ಡಬಲ್ಸ್‌ನಲ್ಲಿ ನಂಬರ್ ಒಂದು. ಮಾರ್ಟಿನಾ ಹಿಂಗಿಸ್ ಜೊತೆ ಸತತ 41 ಗೆಲುವು. ಆ ಅರ್ಧ ಕೋರ್ಟಿನಲ್ಲಿ ನೀವು ನಾಲ್ಕು ಪಂದ್ಯ ಗೆದ್ದು ತೋರಿಸಿ, ಸರ್.

ಹಳೆಯ ಅಭಿಮಾನಿ: ಹಿಂಗಿಸ್ ಹೊತ್ತುಕೊಂಡು ಹೋದರು. ಅಲ್ಲದೆ ಮೂರು ಸೆಟ್ ಆಡಿ ಐದು ಸೆಟ್ಟಿನ ಹಣ ಪಡೆಯುವುದು ಯಾವ ನ್ಯಾಯ?

ಕಾಲೇಜು ಆಟಗಾರ್ತಿ: ಗಂಡಸರು ಐದು ಸೆಟ್ ಆಡುವುದು ಗ್ರ್ಯಾನ್‌ಸ್ಲಾಮ್‌ಗಳಲ್ಲಿ. ವರ್ಷದ ಉಳಿದ ಟೂರ್ನಿಗಳಲ್ಲಿ ಅವರದೂ ಮೂರೇ. ಯುಎಸ್ ಓಪನ್ 1973ರಲ್ಲೇ ಸಮಾನ ಬಹುಮಾನ ಕೊಟ್ಟಿತು, ವಿಂಬಲ್ಡನ್‌ಗೆ ಬುದ್ಧಿ ಬರಲು 2007 ಆಗಬೇಕಾಯಿತು. ನಿಮಗೆ ಇನ್ನೂ ಬಂದಿಲ್ಲ.

ಹಳೆಯ ಅಭಿಮಾನಿ: ಹಿರಿಯರೊಡನೆ ಮಾತನಾಡುವ ರೀತಿಯೇ ಇದು?

ನಿರ್ವಾಹಕ: ಇಬ್ಬರೂ ನಿಲ್ಲಿಸಿ.

ವೈದ್ಯೆ: ಮಣಿಕಟ್ಟಿನ ಮಾತು ಮಾತ್ರ ನನ್ನದು. ಸಾನಿಯಾ ಅವರ ಫೋರ್‌ಹ್ಯಾಂಡಿನ ವೇಗ ಚಾವಟಿಯಂತೆ ಬೀಸುವ ಮಣಿಕಟ್ಟಿನಿಂದ ಬರುತ್ತಿತ್ತು. ಅದಕ್ಕೇ ಕತ್ತರಿ ಬಿದ್ದ ಮೇಲೆ ಏಳು ವರ್ಷಕ್ಕೆ ಅಗ್ರಸ್ಥಾನಕ್ಕೆ ಬಂದವರನ್ನು ಹೆದರಿದವರು ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ಹಣದ ಜಗಳವನ್ನು ಬೇರೆ ಎಲ್ಲಾದರೂ ಆಡಿಕೊಳ್ಳಿ.

ಆಟಗಾರ್ತಿ (28): ಮೇಡಂ, ಮಗು ಬೇಕೆಂದಿದೆ. ಹೋದ ರ‍್ಯಾಂಕಿಂಗ್ ಮತ್ತೆ ಸಿಗುವುದೇ?

ವೈದ್ಯೆ: ಹೆರಿಗೆಯ ನಂತರ ಮರಳುವವರಿಗೆ ಹಳೆಯ ಸ್ಥಾನದ ಆಧಾರದಲ್ಲಿ ಕೆಲವು ಟೂರ್ನಿಗಳಿಗೆ ಪ್ರವೇಶ ಕೊಡುವ ವಿಶೇಷ ರ‍್ಯಾಂಕಿಂಗ್ ಡಬ್ಲ್ಯುಟಿಎಯಲ್ಲಿದೆ, ಮೂರು ವರ್ಷದೊಳಗೆ ಬಳಸಬಹುದು. ಕಿಮ್ ಕ್ಲೈಸ್ಟರ್ಸ್ ತಾಯಿಯಾದ ಮರುವರ್ಷ, 2009ರಲ್ಲಿ, ವೈಲ್ಡ್ ಕಾರ್ಡ್, ಅಂದರೆ ರ‍್ಯಾಂಕಿಂಗ್ ನೋಡದೆ ಆಯೋಜಕರು ಕೊಡುವ ಪ್ರವೇಶ, ಪಡೆದು ಯುಎಸ್ ಓಪನ್ ಗೆದ್ದರು. ಸಾನಿಯಾ 2018ರಲ್ಲಿ ಮಗು ಹೆತ್ತು 2020ರ ಜನವರಿಯಲ್ಲಿ ಹೋಬರ್ಟ್‌ನಲ್ಲಿ ಡಬಲ್ಸ್ ಗೆದ್ದರು. ದೇಹದ ತಯಾರಿಯ ಬಗ್ಗೆ ಪ್ರತ್ಯೇಕವಾಗಿ ಬರೆಯಿರಿ, ಈ ಗದ್ದಲದಲ್ಲಿ ಬೇಡ.

ಸದಸ್ಯ: ಟೆನಿಸ್ ಎಲ್ಬೊಗೆ ಪಟ್ಟಿ ಎಡಗೈಗೂ ಕಟ್ಟಬೇಕೇ?

ತಂದೆ (ಮಗಳಿಗೆ 12): ಶಾಲೆಯ ವಿಷಯ ಮೂರನೆಯ ಸಲ ಕೇಳುತ್ತಿದ್ದೇನೆ.

ತರಬೇತುದಾರ: ವೈದ್ಯರು ಒಮ್ಮೆ ಕೋರ್ಟಿಗೆ ಬಂದು ನೋಡಲಿ. ಕುರ್ಚಿಯಲ್ಲಿ ಕುಳಿತು ಹೆದರಿಸುವುದು ಸುಲಭ.

ವೈದ್ಯೆ: ಬರುತ್ತೇನೆ. ಎಣಿಸಲು ಒಂದು ಪುಸ್ತಕವನ್ನೂ ತರುತ್ತೇನೆ.

ತಾಯಿ (ಮಗಳಿಗೆ 14): ಡಾಕ್ಟರೇ, ಮೂರು ದಿನದ ಮೇಲೆ ಬರೆಯುತ್ತಿದ್ದೇನೆ. ಎಂಆರ್‌ಐ ಆಯಿತು, ವರದಿ ನಾಳೆ. ಕೋರ್ಟಿಗೆ ಹೋಗುತ್ತಿಲ್ಲ. ಆದರೆ ಹಿತ್ತಲಿನ ಗೋಡೆಗೆ ಚೆಂಡು ಹೊಡೆಯುತ್ತಿದ್ದಾಳೆ, ಸರ್ವ್ ಇಲ್ಲ, ಬರೀ ಫೋರ್‌ಹ್ಯಾಂಡ್. ಅಷ್ಟಾದರೂ ಆಗಬಹುದೇ?

ವೈದ್ಯೆ: ಅದೂ ಬೇಡ. ನಾಳೆ ವರದಿಯ ಕಾಗದವಷ್ಟೇ ಅಲ್ಲ, ಸ್ಕ್ಯಾನಿನ ಚಿತ್ರಗಳನ್ನೂ ಕೇಳಿ ಪಡೆಯಿರಿ. ನನಗೆ ಕಳುಹಿಸಿ, ಗುಂಪಿಗೆ ಹಾಕಬೇಡಿ.